ನಾಲ್ಕನೇ ಗುಂಡಿಯ ಗುಡಾಣ

ಜನವರಿ ೨೯

ತರಬೇತಿಯ ಮೇಡಂ ಅವರಿಗೆ,

ಉತ್ಖನನದ ಪಾರ್ಕಿನ ಎರಡನೇ ಗೇಟಿನ ಕಾವಲುಗಾರನ ನಮಸ್ಕಾರಗಳು. ತಿಂಗಳಿಗೊಂದು ಕಾಗದ ಬರೆಯಬೇಕು, ಫೋನು ಮಾಡಿದರೆ ಒಪ್ಪುವುದಿಲ್ಲ ಎಂದು ಹೊರಡುವ ದಿನ ಹೇಳಿದ್ದಿರಲ್ಲ, ಅದರಂತೆ ಬರೆಯುತ್ತಿದ್ದೇನೆ. ನಮ್ಮ ಹದಿನೆಂಟು ಜನರಲ್ಲಿ ಇನ್ನೂ ಯಾರೂ ಶುರು ಮಾಡಿಲ್ಲ. ನಮ್ಮ ಜೊತೆಯ ಕಾವಲುಗಾರ, ನಾವು ಮೀಸೆ ಎಂದು ಕರೆಯುವವನು, ಮಾತ್ರ ಎರಡು ಸಾಲು ಬರೆದು, ಓದಿ, ನಕ್ಕು, ಹರಿದು ಹಾಕಿದ.

ನಿಮ್ಮ ಹತ್ತು ದಿನದ ಪಾಠ ವ್ಯರ್ಥವಾಗಿಲ್ಲ. ಮುಟ್ಟಬೇಡಿ, ಹತ್ತಬೇಡಿ, ಅಲ್ಲಿ ಕೂರಬೇಡಿ ಎಂಬ ಮೂರು ಮಾತಿನಲ್ಲೇ ಇಪ್ಪತ್ತು ವರ್ಷ ಕಳೆದವರು ನಾವು. ಈಗ ಜನ ಬಂದರೆ ‘ಬನ್ನಿ’ ಎನ್ನುತ್ತೇವೆ. ಬಿಸಿಲು ನಮ್ಮ ಮುಖಕ್ಕೆ ಬೀಳುವಂತೆ ನಿಲ್ಲುತ್ತೇವೆ, ಅವರ ಮುಖಕ್ಕಲ್ಲ. ಕೋಲಿನಿಂದ ತೋರಿಸುವುದನ್ನು ಬಿಟ್ಟಿದ್ದೇವೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಏಳರ ತನಕ ಎಣಿಸಬೇಕು, ಜನ ಯೋಚಿಸಲಿ ಎಂದಿದ್ದಿರಿ. ಮೀಸೆ ಬಾಯಿಬಿಟ್ಟೇ ಎಣಿಸುತ್ತಾನೆ. ಮೊನ್ನೆ ಒಬ್ಬ ಹೆಂಗಸು “ಏಳಾದ ಮೇಲೆ ಏನಾಗುತ್ತೆ?” ಎಂದು ಗಾಬರಿಯಿಂದ ಹಿಂದೆ ಸರಿದರು.

ಇನ್ನು ಕೊನೆಯ ದಿನದ ವಿಷಯ. ನಾಲ್ಕನೇ ಗುಂಡಿಯ ಹಳೇ ಮನೆಯ ನೆಲದಲ್ಲಿ ಚೂರು ಜೋಡಿಸಿ ಕೂರಿಸಿರುವ ಗುಡಾಣದ ಮುಂದೆ ಜನರಿಗೆ ವಿವರಿಸುವ ನನ್ನ ಸರದಿ ಬಂದಿತ್ತು. ‘ಧಾನ್ಯ ಸಂಗ್ರಹದ ಗುಡಾಣ’ ಎಂದು ಫಲಕದಲ್ಲಿದೆ. ನಾನು ಅದನ್ನು ಓದಿ, “ಆದ್ರೆ ಇದರೊಳಗೆ ಒಂದು ಮಗು ಮಲಗಿತ್ತು. ಮೊಣಕಾಲನ್ನ ಎದೆಗೆ ಒತ್ತಿಕೊಂಡು. ಮೂರು ಸಾವಿರ ವರ್ಷದ ಹಿಂದೆ ಯಾರೋ ತಾಯಿ, ಸತ್ತ ಮಗು ದೂರ ಹೋಗೋದು ಬೇಡ ಅಂತ ಮನೆ ನೆಲದಡಿಯಲ್ಲೇ ಇಟ್ಕೊಂಡಿದ್ಲು” ಎಂದೆ. ಜನ ಉಸಿರು ಹಿಡಿದು ಕೇಳುತ್ತಿದ್ದರು. ಆಗ ನೀವು “ನಿಲ್ಲಿಸಿ” ಎಂದಿರಿ. “ಯಾವ ಪುಟದಲ್ಲಿದೆ ಇದು? ಕಟ್ಟುಕಥೆ ಹೇಳೋಕಾ ನಿಮಗೆ ಹತ್ತು ದಿನ ಕಲಿಸಿದ್ದು?” ಎಂದಿರಿ. ಸೂಪರಿಂಟೆಂಡೆಂಟರಿದ್ದರು, ಪತ್ರಿಕೆಯವರಿದ್ದರು, ಒಟ್ಟು ನಲವತ್ತು ಜನ. ಒಬ್ಬರು ನಕ್ಕರು. ನನ್ನಿಂದ ನಿಮಗೆ ತಲೆತಗ್ಗಿಸುವಂತಾಯಿತು, ಕ್ಷಮೆ ಇರಲಿ.

ನಾನು ಯಾವ ಪುಟವನ್ನೂ ನೋಡಿದವನಲ್ಲ. ಮೂವತ್ತಾರು ವರ್ಷದ ಹಿಂದೆ ಉತ್ಖನನ ನಡೆದಾಗ ನಮ್ಮ ಅಮ್ಮ ಆ ಗುಂಡಿಯಲ್ಲಿ ಮಣ್ಣು ಹೊತ್ತವಳು. ಚಿಕ್ಕಂದಿನಲ್ಲಿ ನನಗೆ ಅವಳೇ ಹೇಳಿದ್ದು. ನಿಮಗೆ ದೊಡ್ಡ ದೊಡ್ಡ ಪುಸ್ತಕಗಳು ಸಿಗುತ್ತವೆ. ಅದರೊಳಗೆ ನಿಜವಾಗಿ ಏನಾದರೂ ಇತ್ತೇ ಎಂದು ಒಂದು ಸಾಲು ಬರೆದರೆ ಉಪಕಾರ. ಅಮ್ಮ ಕೇಳುತ್ತಿದ್ದಾಳೆ.

ಇಂತಿ ನಿಮ್ಮ ವಿದ್ಯಾರ್ಥಿ,
ಎರಡನೇ ಗೇಟು


ಫೆಬ್ರವರಿ ೧೪

ಪ್ರಿಯ ಮಿತ್ರರೆ,

ನಿಮ್ಮ ಪತ್ರ ಓದಿ ಸಂತೋಷವಾಯಿತು. ಮೀಸೆಯವರಿಗೆ ತುಟಿ ಮುಚ್ಚಿಕೊಂಡು ಎಣಿಸಲು ಹೇಳಿ.

ಕೊನೆಯ ದಿನ ನಾನು ಆಡಿದ ಮಾತು ನಿಮ್ಮೊಬ್ಬರಿಗಲ್ಲ, ಎಲ್ಲರಿಗಾಗಿ ಆಡಿದ್ದು. ನಮ್ಮ ಕೆಲಸದಲ್ಲಿ ಮನ ಕರಗಿಸುವ ಕಥೆಗಿಂತ ದೊಡ್ಡ ಅಪಾಯವಿಲ್ಲ. ಏನು ತಿಳಿದಿದೆ, ಅದು ಹೇಗೆ ತಿಳಿಯಿತು, ಏನು ತಿಳಿಯದೆ ಉಳಿದಿದೆ ಎಂಬ ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ಕೈ ಹಾಕಬಾರದು ಎಂದು ಪಾಠ ಮಾಡಿದ್ದು ನೆನಪಿದೆಯಲ್ಲ?

ಗುಡಾಣದ ವಿಷಯವಾಗಿ ವರದಿಯನ್ನೂ ಗುಂಡಿಯ ದಿನಚರಿ ಪುಸ್ತಕವನ್ನೂ ನೋಡಿದ್ದೇನೆ. ‘ಸಂಗ್ರಹದ ಗುಡಾಣ, ಒಡೆದದ್ದು, ಒಳಗೆ ಏನೂ ಇಲ್ಲ’ ಎಂದು ದಾಖಲಾಗಿದೆ. ಉತ್ಖನನದ ಜಾಗಗಳಲ್ಲಿ ಕೆಲಸಗಾರರ ನಡುವೆ ಹಲವು ಕಥೆಗಳು ಹುಟ್ಟಿಕೊಳ್ಳುತ್ತವೆ. ಮೂವತ್ತಾರು ವರ್ಷದಲ್ಲಿ ನೆನಪು ತನಗೆ ಬೇಕಾದ ಆಕಾರ ತಾಳುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ.

ನಿಮ್ಮ ತಾಯಿ ಅಲ್ಲಿ ಕೆಲಸ ಮಾಡಿದ್ದರೆಂದು ನನಗೆ ತಿಳಿದಿರಲಿಲ್ಲ. ಆರೋಗ್ಯವಾಗಿದ್ದಾರೆಯೆ?

ಶುಭಾಶಯಗಳೊಂದಿಗೆ,
ನಿಮ್ಮ ತರಬೇತುದಾರಳು


ಮಾರ್ಚ್ ೩

ಮೇಡಂ ಅವರಿಗೆ ನಮಸ್ಕಾರಗಳು.

ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಬಟ್ಟೆ ಮಡಿಸುತ್ತಿದ್ದಳು. ‘ಒಳಗೆ ಏನೂ ಇಲ್ಲ’ ಎಂಬಲ್ಲಿ ಕೈ ನಿಂತಿತು, ಆಮೇಲೆ ಮತ್ತೆ ಮಡಿಸಿದಳು. “ಬರೆದಿದ್ದಾರೆ ಅಂದ್ಮೇಲೆ ಸರಿಯಾಗಿರುತ್ತೆ ಬಿಡು” ಎಂದಳು. ಅಷ್ಟೇ.

ನಿಮ್ಮಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೆ. ತರಬೇತಿಯ ಕೊನೆಯ ದಿನ ನಾನು ಸೀದಾ ಮನೆಗೆ ಹೋಗಿ ಅಮ್ಮನ ಮೇಲೆ ಕೂಗಾಡಿದೆ. “ನಿನ್ನ ಸುಳ್ಳು ನಂಬಿ ನಲವತ್ತು ಜನರ ಮುಂದೆ ನನ್ನ ಮಾನ ಹೋಯ್ತು. ನಿನಗೆ ಬಾಯಿಗೆ ಬಂದಿದ್ದು ಹೇಳೋ ಚಟ” ಎಂದೆ. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ನನ್ನ ತೋಳು ಹಿಡಿದಳು. ಅಮ್ಮ ತಿರುಗಿ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿರುವ ಹೆಂಗಸಲ್ಲ ಮೇಡಂ, ಪಕ್ಕದ ಮನೆಯವರು ಅವಳ ದನಿ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂದು ನಾವು ತಮಾಷೆ ಮಾಡುತ್ತೇವೆ. ಈಗ ಕೇಳಿದ್ದಕ್ಕೆ ಮಾತ್ರ ಉತ್ತರ.

ಇನ್ನೊಂದು ವಿಷಯ. ಆಫೀಸಿನ ಹಳೇ ಬೀರು ತೆಗೆದಾಗ ಉತ್ಖನನದ ಕಾಲದ ಒಂದು ಫೋಟೊ ಸಿಕ್ಕಿದೆ. ಅದರಲ್ಲಿರುವವರು ಯಾರು ಯಾರು ಎಂದು ಕೇಳಿಕೊಂಡು ಬನ್ನಿ, ಗೋಡೆಗೆ ಹಾಕೋಣ ಎಂದು ಸೂಪರಿಂಟೆಂಡೆಂಟರು ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು. ಅಮ್ಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು. ಬುಟ್ಟಿ ಹಿಡಿದು ನಿಂತವಳು ತಾನೇ ಎಂದಳು. ಆಮೇಲೆ, ಎರಡು ಜಡೆ, ಅಗಲ ಟೋಪಿ, ಎದೆಗೆ ಪುಸ್ತಕ ಅವಚಿಕೊಂಡ ಹುಡುಗಿಯ ಮೇಲೆ ಬೆರಳಿಟ್ಟು, “ಈ ಹುಡುಗಿನೇ ನಮ್ಮ ಗುಂಡಿ ಪುಸ್ತಕ ಬರೀತಿದ್ದಿದ್ದು. ಒಳ್ಳೆ ಹುಡುಗಿ” ಎಂದಳು.

ಆಕೆಗೆ ಈಗ ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿರಬೇಕು. ನಿಮ್ಮವರ ಪೈಕಿ ಯಾರಾದರೂ ಗೊತ್ತಿರಬಹುದು. ಸಿಕ್ಕರೆ ಒಂದು ಮಾತು ಕೇಳಿ. ಗುಡಾಣದೊಳಗೆ ನೋಡಿದವರು ಅಮ್ಮ ಮತ್ತು ಆ ಹುಡುಗಿ ಇಬ್ಬರೇ ಅಂತೆ. ಪುಸ್ತಕ ಏನೇ ಹೇಳಲಿ, ಕಣ್ಣಾರೆ ನೋಡಿದವರು ಹೇಳಿದರೆ ನನ್ನ ಮನಸ್ಸು ನಿಲ್ಲುತ್ತದೆ. ಸುಳ್ಳೆಂದೇ ಹೇಳಿದರೂ ಸರಿ.

ಎರಡನೇ ಗೇಟು


ಏಪ್ರಿಲ್ ೬

ಮೇಡಂ ಅವರಿಗೆ,

ಒಂದು ತಿಂಗಳಾಯಿತು, ಉತ್ತರ ಬರಲಿಲ್ಲ. ಮನೆಯ ಜಗಳವನ್ನೆಲ್ಲ ಬರೆದದ್ದು ತಪ್ಪಾಯಿತೇನೋ. ನೀವು ಕೇಳಿದ್ದು ಕೆಲಸದ ವಿಷಯ, ನಾನು ಸಂಸಾರದ ಗಂಟು ಬಿಚ್ಚಿದೆ.

ಕೆಲಸದ ವಿಷಯವೆಂದರೆ, ನಾನು ಕೇಳಿಕೊಂಡ ಮೇಲೆ ನನ್ನನ್ನು ಮತ್ತೆ ಗೇಟಿಗೆ ಹಾಕಿದ್ದಾರೆ. ಗುಡಾಣದ ಮುಂದೆ ಈಗ ಮೀಸೆ ನಿಲ್ಲುತ್ತಾನೆ. ಫಲಕದಲ್ಲಿ ಇದ್ದಷ್ಟನ್ನೇ ಹೇಳುತ್ತಾನೆ. ಚೀಟಿ ಹರಿಯುವುದು ಒಳ್ಳೆಯ ಕೆಲಸ, ಯಾರೂ ಪುಟ ಕೇಳುವುದಿಲ್ಲ.

ಎರಡನೇ ಗೇಟು


ಏಪ್ರಿಲ್ ೨೧

ಪ್ರಿಯ ಮಿತ್ರರೆ,

ನೀವೇನೂ ತಪ್ಪು ಬರೆದಿಲ್ಲ. ಉತ್ತರವನ್ನು ನಾಲ್ಕು ಸಲ ಬರೆದು ಮೇಜಿನ ಖಾನೆಯಲ್ಲಿಟ್ಟೆ. ಇದು ಐದನೆಯದು.

ಫೋಟೊದಲ್ಲಿರುವ ಹುಡುಗಿ ನಾನೇ. ಆಗ ನನಗೆ ಇಪ್ಪತ್ತೆರಡು, ಓದುತ್ತಿದ್ದೆ. ನಾಲ್ಕನೇ ಗುಂಡಿಯ ದಿನಚರಿ ನನ್ನ ಜವಾಬ್ದಾರಿಯಾಗಿತ್ತು.

ಗುಡಾಣದೊಳಗೆ ಮಗುವಿತ್ತು. ನಿಮ್ಮ ತಾಯಿ ಹೇಳಿದ್ದು ಅಕ್ಷರಶಃ ನಿಜ. ಬಲಕ್ಕೆ ಮಗ್ಗುಲಾಗಿ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿತ್ತು. ಹುಟ್ಟಿ ಕೆಲವೇ ವಾರಗಳಾಗಿದ್ದಿರಬೇಕು. ಮೇಲೆತ್ತುವಾಗ ಗುಡಾಣ ಒಡೆಯಿತು. ಎಲುಬುಗಳು ಪುಡಿಯಾದವು. ಚಿತ್ರ ತೆಗೆದಿರಲಿಲ್ಲ, ಅಳತೆ ಮಾಡಿರಲಿಲ್ಲ. ಹೆದರಿಕೆಯಲ್ಲಿ ‘ಒಳಗೆ ಏನೂ ಇಲ್ಲ’ ಎಂದು ಬರೆಯಲಾಯಿತು. ಆ ಒಂದು ಸಾಲು ವರದಿಗೆ ಹೋಯಿತು, ವರದಿಯಿಂದ ಫಲಕಕ್ಕೆ ಹೋಯಿತು.

ನೀವು ಆ ದಿನ ‘ಮೊಣಕಾಲನ್ನ ಎದೆಗೆ ಒತ್ತಿಕೊಂಡು’ ಎಂದಾಗ ನನಗೆ ಹೆದರಿಕೆಯಾಯಿತು. ಅದನ್ನು ಕಂಡವರು ಪ್ರಪಂಚದಲ್ಲಿ ಇಬ್ಬರೇ. ನಿಮ್ಮ ಬಾಯಿ ಮುಚ್ಚಿಸಬೇಕೆಂಬುದೊಂದೇ ಆಗ ಹೊಳೆದದ್ದು, ಮುಚ್ಚಿಸಿದೆ. ಫೆಬ್ರವರಿಯಲ್ಲಿ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಬರೆದು, ಶುಭಾಶಯ ಹೇಳಿ ಸಹಿ ಮಾಡಿದೆ.

ದಯವಿಟ್ಟು ನಿಮ್ಮ ತಾಯಿಗೆ ಇದನ್ನು ಓದಿ ಹೇಳಿ. ನೀವು ಗೇಟು ಬಿಟ್ಟು ಗುಡಾಣದ ಮುಂದೆ ನಿಲ್ಲಿ.

ನಾಚಿಕೆಯಿಂದ,
ನಿಮ್ಮ ತರಬೇತುದಾರಳು


ಮೇ ೪

ಮೇಡಂ ಅವರಿಗೆ ಅನಂತ ನಮಸ್ಕಾರಗಳು.

ನಿಮ್ಮ ಕಾಗದವನ್ನು ಗೇಟಿನಲ್ಲೇ ಒಡೆದು ಓದಿ, ಮೀಸೆಯನ್ನು ನನ್ನ ಜಾಗದಲ್ಲಿ ಕೂರಿಸಿ ಮನೆಗೆ ಓಡಿದೆ. ಅಮ್ಮನ ಕಾಲು ಹಿಡಿದೆ. “ನೀನು ಹೇಳಿದ್ದೇ ನಿಜ, ನಾನೇ ಪಾಪಿ” ಎಂದೆ. “ಏಳು, ಯೂನಿಫಾರಂ ಕೊಳೆ ಆಗುತ್ತೆ” ಎಂದಳು. ಅತ್ತಳು. ನನ್ನ ಹೆಂಡತಿ ಅತ್ತಳು, ಮಗಳು ಯಾಕೆಂದು ತಿಳಿಯದೆಯೇ ಅತ್ತಳು.

ನಿಮ್ಮಂಥ ದೊಡ್ಡವರು ನನ್ನಂಥವನಿಗೆ ತಪ್ಪಾಯಿತು ಎಂದು ಬರೆಯುವುದು ಸಣ್ಣ ಮಾತಲ್ಲ. ಇನ್ನು ನೀವು ತಲೆತಗ್ಗಿಸುವ ಕಾರಣವೇ ಇಲ್ಲ. ಯಾಕೆಂದರೆ ಆಮೇಲೆ ಅಮ್ಮ ಒಂದು ಮಾತು ಹೇಳಿದಳು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ. “ಗುಡಾಣ ಒಡೆದಿದ್ದು ನನ್ನಿಂದ. ಅಂಚು ಹಿಡ್ಕೊಂಡಿದ್ದವಳು ನಾನೇ, ಕೈ ಜಾರ್ತು. ಆ ಮಗು ಚೂರಾಗಿದ್ದು ನನ್ನ ಕೈಯಲ್ಲಿ. ಮಗೂನ ಒಡೆದವಳು ಅಂತ ಊರಿಗೆಲ್ಲ ಗೊತ್ತಾಗಬಾರ್ದು ಅಂತಲೇ ಆ ಹುಡುಗಿ ಏನೂ ಇರ್ಲಿಲ್ಲ ಅಂತ ಬರೆದಿರ್ಬೇಕು. ನನ್ನನ್ನ ಉಳಿಸೋಕೆ ಹೋಗಿ ಪಾಪ ತಾನು ಇಷ್ಟು ದಿನ ನೊಂದಿದ್ದಾಳೆ” ಎಂದಳು.

ನೀವು ಅದನ್ನೂ ಬರೆಯದೆ, ‘ಒಡೆಯಿತು’ ಎಂದಷ್ಟೇ ಬರೆದು ಅಮ್ಮನ ಮರ್ಯಾದೆ ಕಾದಿದ್ದೀರಿ. ನಮಗೆ ಅರ್ಥವಾಯಿತು.

ನನಗೆ ಈಗ ಎಷ್ಟೋ ತಿಳಿಯುತ್ತಿದೆ ಮೇಡಂ. ಮರುದಿನದಿಂದ ಅವಳನ್ನು ಕೆಲಸಕ್ಕೆ ಬರಬೇಡ ಎಂದರಂತೆ. ಉತ್ಖನನ ಇನ್ನೂ ಆರು ವರ್ಷ ನಡೆಯಿತು, ಬೀದಿಯ ಹೆಂಗಸರೆಲ್ಲ ಹೋದರು, ಅವಳೊಬ್ಬಳನ್ನು ಕರೆಯಲಿಲ್ಲ. ನಮ್ಮ ಬೀದಿಯಲ್ಲಿ ಅವಳಿಗೆ ‘ಕೈಜಾರಿ’ ಎಂದು ಅಡ್ಡಹೆಸರು. ಮನೆಯಲ್ಲಿ ಲೋಟ ತಟ್ಟೆ ಬೀಳಿಸುತ್ತಾಳೆಂದು ಬಂದ ಹೆಸರು ಎಂದುಕೊಂಡಿದ್ದೆ. ನಾನೂ ಹಾಗೆ ಕರೆದಿದ್ದೇನೆ, ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ನಗಿಸಲು. ನನ್ನ ಮಗಳು ಹುಟ್ಟಿದಾಗ ಅಮ್ಮ ಅವಳನ್ನು ನಿಂತುಕೊಂಡು ಎತ್ತಿಕೊಳ್ಳಲೇ ಇಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು, “ಇಲ್ಲಿ ಮಲಗಿಸು” ಎನ್ನುತ್ತಿದ್ದಳು. ಒಂದು ವರ್ಷ ಹೀಗೆ. ಮೊಮ್ಮಗಳೆಂದರೆ ಅಷ್ಟಕ್ಕಷ್ಟೇ ಎಂದು ನನ್ನ ಹೆಂಡತಿ ಒಳಗೊಳಗೇ ನೊಂದುಕೊಂಡಿದ್ದಳು.

ಅಮ್ಮ ನಿಮಗೆ ಆಶೀರ್ವಾದ ಹೇಳಿದ್ದಾಳೆ. ನೂರು ವರ್ಷ ಬಾಳಬೇಕಂತೆ ನೀವು.

ನಿಮ್ಮ ಋಣಿ,
ಗುಡಾಣದ ಮುಂದಿನವನು (ನಾಳೆಯಿಂದ)


ಮೇ ೧೫

ನಿಮಗೆ,

ಈ ಪತ್ರವನ್ನು ನಿಂತು ಓದಬೇಡಿ. ಎಲ್ಲಾದರೂ ಕುಳಿತುಕೊಳ್ಳಿ.

ಗುಡಾಣ ಒಡೆಯಿತು, ಬರೆಯಲಾಯಿತು ಎಂದು ಕಳೆದ ಸಲ ಬರೆದಿದ್ದೆ. ಹಾಗೆ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಗುಡಾಣ ತಾನಾಗಿ ಒಡೆಯಲಿಲ್ಲ.

ಮೂರು ಗಂಟೆಗೆ ಕ್ಯಾಮೆರಾ ಬರುತ್ತದೆ, ಅಲ್ಲಿಯ ತನಕ ಮುಟ್ಟಬೇಡ ಎಂದು ನಮ್ಮ ಪ್ರೊಫೆಸರರು ಹೇಳಿ ಹೋಗಿದ್ದರು. ಒಳಗಿನ ಮಗು ನಮ್ಮಿಬ್ಬರಿಗೆ ಕಂಡದ್ದು ಅವರು ಹೋದ ಮೇಲೆ. ಮರುದಿನದಿಂದ ಆ ಗುಂಡಿ ಇನ್ನೊಬ್ಬ ವಿದ್ಯಾರ್ಥಿಯ ಪಾಲಾಗುವುದಿತ್ತು. ಇಷ್ಟು ದೊಡ್ಡ ಶೋಧ, ಎತ್ತಿದವಳು ನಾನೇ ಆಗಬೇಕು ಎಂಬ ಆಸೆ ನನಗೆ. ನಿಮ್ಮ ತಾಯಿಗೆ ಅಂಚು ಹಿಡಿದುಕೊಳ್ಳಲು ಹೇಳಿದೆ. ಅವರು ಬಗ್ಗಿ ಕೆಳಗೆ ನೋಡಿ, “ಬೇಡಮ್ಮ, ಅಡಿ ಬಿರುಕು ಬಿಟ್ಟಿದೆ. ಮಣ್ಣು ಬಿಡಿಸದೆ ಎಳೆದ್ರೆ ಕಳಚುತ್ತೆ” ಎಂದರು. ಅವರು ನಾಲ್ಕು ತಿಂಗಳಿಂದ ಆ ಮಣ್ಣಿನಲ್ಲಿ ಕೈಯಿಟ್ಟವರು, ನಾನು ಪುಸ್ತಕದಲ್ಲಿ ಓದಿದವಳು. “ಸುಮ್ಮನೆ ಹಿಡ್ಕೊ” ಎಂದು ಎಳೆದೆ. ಅಡಿ ಕಳಚಿತು. ಅವರ ಕೈಯಲ್ಲಿದ್ದ ಅಂಚು ಕೊನೆಯವರೆಗೂ ಅವರ ಕೈಯಲ್ಲೇ ಇತ್ತು, ಇಡಿಯಾಗಿ. ನೀವು ಹೋಗಿ ನೋಡಿ, ಆ ಗುಡಾಣದ ಬಾಯಿಯ ಒಂದು ಕಡೆ ಒಂದೂ ಅಂಟಿನ ಗೆರೆಯಿಲ್ಲ. ಅದು ಅವರು ಹಿಡಿದಿದ್ದ ಕಡೆ.

ನಾನು ಎಲುಬಿನ ಪುಡಿಯನ್ನು ಬ್ರಷ್ಷಿನಿಂದ ಬುಟ್ಟಿಗೆ ಗುಡಿಸಿ, ಮಣ್ಣಿನ ರಾಶಿಗೆ ಹಾಕಿ ಬಾ ಎಂದು ಅವರನ್ನೇ ಕಳಿಸಿದೆ. ಅವರು ಮರಳಿ ಬರುವಷ್ಟರಲ್ಲಿ ಪಕ್ಕದ ಗುಂಡಿಗಳ ಕೆಲಸಗಾರರೆಲ್ಲ ಸೇರಿದ್ದರು, ಪ್ರೊಫೆಸರರೂ ಬಂದರು. ಏನಾಯಿತು ಎಂದರು. ನಾನು ಬೆರಳು ತೋರಿಸಿ ಮೂರು ಪದ ಹೇಳಿದೆ: “ಇವಳ ಕೈ ಜಾರಿತು.”

ನಿಮ್ಮ ತಾಯಿ ನನ್ನನ್ನು ನೋಡಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. ಓದಿದವಳು ಹೇಳುತ್ತಿದ್ದಾಳೆ ಎಂದರೆ ಹಾಗೇ ಇರಬೇಕು ಎಂದು ಅವರು ಆ ಕ್ಷಣದಲ್ಲೇ ನಂಬತೊಡಗಿದ್ದು ನನಗೆ ಕಾಣಿಸಿತು. ಕಂಡೂ ಸುಮ್ಮನಿದ್ದೆ. ಮರುದಿನ ಅವರು ಬರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ.

ಅಡ್ಡಹೆಸರಿನ ವಿಷಯ ನಿಮ್ಮ ಪತ್ರದಿಂದ ತಿಳಿಯಿತು. ನಿಮ್ಮ ಮಗಳ ವಿಷಯವೂ. ಅದರ ಮೇಲೆ ಬರೆಯುವ ಯೋಗ್ಯತೆ ನನಗಿಲ್ಲ.

ನಾನು ಅವರನ್ನು ಉಳಿಸಲಿಲ್ಲ. ದಯವಿಟ್ಟು ಆ ಆಶೀರ್ವಾದವನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೇಳಿ.

ದಿನಚರಿಯ ಆ ಪುಟ ಸುಳ್ಳೆಂದು, ನಡೆದದ್ದು ಇದೆಂದು ಇಲಾಖೆಗೆ ಬರೆದು ಕೊಟ್ಟಿದ್ದೇನೆ. ಇನ್ನು ಮುಂದೆ ಯಾವ ಪಾರ್ಕಿನ ಸಿಬ್ಬಂದಿಗೂ ತರಬೇತಿ ಕೊಡುವುದಿಲ್ಲವೆಂದೂ ತಿಳಿಸಿದ್ದೇನೆ. ಪುಟ ಯಾವುದು ಎಂದು ಇನ್ನೊಬ್ಬರನ್ನು ಕೇಳುವ ಬಾಯಿ ನನಗೆ ಉಳಿದಿಲ್ಲ.


ಜೂನ್ ೨೫

ಮೇಡಂ,

ನಿಮ್ಮ ಕಾಗದವನ್ನು ಹನ್ನೊಂದು ದಿನ ಕೆಲಸದ ಜಾಗದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟೆ. ಅಮ್ಮ ನಿಮಗೆ ಆಶೀರ್ವಾದ ಕಳಿಸಿ ಸಂತೋಷವಾಗಿದ್ದಳು, ಮತ್ತೆ ಮಾತಾಡತೊಡಗಿದ್ದಳು. ನಾನು ಮೊದಲ ಸಲ ಓದಿದಾಗ ಏನು ಮಾಡಿದೆ ಎಂದು ಬರೆಯುವುದಿಲ್ಲ. ಮೀಸೆಗೆ ಗೊತ್ತು.

ಗುಡಾಣದ ಬಾಯಿ ನೋಡಿದೆ. ಒಂದು ಕಡೆ ಅಂಟಿನ ಗೆರೆಯಿಲ್ಲ. ಇಪ್ಪತ್ತು ವರ್ಷದಿಂದ ಅದರ ಧೂಳು ಒರೆಸಿದವನು ನಾನೇ, ಕಂಡಿರಲಿಲ್ಲ.

ಹನ್ನೆರಡನೇ ದಿನ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಮಧ್ಯೆ ತಡೆದು, “ಆ ಸಾಲು ಇನ್ನೊಂದ್ಸಲ” ಎಂದಳು. ‘ಇವಳ ಕೈ ಜಾರಿತು’ ಎಂಬ ಸಾಲಲ್ಲ. ‘ಬೇಡಮ್ಮ, ಅಡಿ ಬಿರುಕು ಬಿಟ್ಟಿದೆ’ ಎಂಬ ಸಾಲು. ಮೂರು ಸಲ ಓದಿಸಿದಳು. “ನಾನು ಬೇಡ ಅಂದಿದ್ದೆನಾ?” ಎಂದಳು. ಅವಳಿಗೆ ಅದು ಮರೆತೇ ಹೋಗಿತ್ತು ಮೇಡಂ. ಕೈ ಜಾರಿದ್ದು ನೆನಪಿತ್ತು, ಜಾರದೇ ಇದ್ದ ಕೈ. ತಾನು ಸರಿಯಾಗಿ ಹೇಳಿದ್ದು ನೆನಪಿರಲಿಲ್ಲ.

ಹೋದ ವಾರ “ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು” ಎಂದಳು. ಪಾರ್ಕು ಆದಮೇಲೆ ಒಂದು ದಿನವೂ ಗೇಟು ದಾಟಿದವಳಲ್ಲ, ನನ್ನ ಊಟದ ಡಬ್ಬಿಯನ್ನೂ ಹೊರಗೇ ಕೊಟ್ಟು ಹೋಗುತ್ತಿದ್ದಳು. ಒಳಗೆ ಬಂದವಳು ಗುಂಡಿಯ ಕಡೆ ನಡೆಯಲಿಲ್ಲ, ಪೂರ್ವದ ಗೋಡೆಯ ಕಡೆ ನಡೆದಳು. ಆ ದಿನ ಬುಟ್ಟಿಯನ್ನು ರಾಶಿಗೆ ಸುರಿಯಲು ಮನಸ್ಸು ಬರದೆ, ಆ ಗೋಡೆಯ ಬುಡದಲ್ಲಿ ಕೈಯಿಂದ ಗುಳಿ ತೋಡಿ ಮುಚ್ಚಿದ್ದಳಂತೆ. ಅಲ್ಲಿ ಈಗ ವಾಹನ ನಿಲ್ಲಿಸುವ ಸಿಮೆಂಟು ನೆಲ. ಬಿಳಿ ಕಾರೊಂದು ನಿಂತಿತ್ತು. ಅಮ್ಮ ಅದರ ಚಕ್ರವನ್ನು ಸ್ವಲ್ಪ ಹೊತ್ತು ನೋಡಿ, “ಸರಿ, ಬಾ” ಎಂದಳು.

ಗುಡಾಣದ ಹಳೇ ಫಲಕ ತೆಗೆದಿದ್ದಾರೆ, ಹೊಸದು ಬಂದಿಲ್ಲ. ಅಲ್ಲಿಂದ ನಾವು ಗುಡಾಣದ ಬಳಿ ಬಂದಾಗ ನನ್ನ ಮುಂದೆ ಹತ್ತು ಹನ್ನೆರಡು ಜನರಿದ್ದರು. ಮಗುವಿನ ವಿಷಯ ಹೇಳಿದೆ. ಒಬ್ಬರು “ಹಾಗಾದ್ರೆ ಎಲುಬು ಎಲ್ಲಿ? ಒಡೆದಿದ್ದು ಯಾರು?” ಎಂದರು. ನಾನು ಕಹಿಯಾಗಿಯೇ ಹೇಳಿದೆ: “ಓದೋಕೆ ಬಂದಿದ್ದ ಒಬ್ಬ ಹುಡುಗಿ. ಅವಸರ ಮಾಡಿ ಒಡೆದ್ಲು. ತಪ್ಪನ್ನ ಮಣ್ಣು ಹೊರೋ ಹೆಂಗಸಿನ ಮೇಲೆ ಹಾಕಿದ್ಲು.” ಹಿಂದಿನಿಂದ ಅಮ್ಮನ ದನಿ ಬಂತು. “ಚಿಕ್ಕವಳು. ಹೆದರಿದ್ಲು.”

ಎಲ್ಲರೂ ತಿರುಗಿ ನೋಡಿದರು. ನನಗೆ ಸಿಟ್ಟು ಬಂತು, ಇವಳಿಗೆ ಇಷ್ಟೂ ರೋಷವಿಲ್ಲವೇ ಎಂದು. ಅವಳ ಮಾತು ಮುಗಿದಿರಲಿಲ್ಲ. “ನಾನೂ ಚಿಕ್ಕವಳೇ. ನಾನೂ ಹೆದರಿದ್ದೆ. ನನ್ನನ್ನ ಮನೆಗೆ ಕಳ್ಸಿದ್ರು, ಅವಳನ್ನ ಮುಂದಕ್ಕೆ ಓದೋಕೆ ಕಳ್ಸಿದ್ರು” ಎಂದಳು.

ಕ್ಷಮಿಸಿದ್ದೇನೆ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ಅಮ್ಮನ ಮಾತು ಅಮ್ಮನದು. ಆಶೀರ್ವಾದ ವಾಪಸು ತೆಗೆದುಕೋ ಎಂದಿದ್ದಕ್ಕೆ ಅವಳು, “ಕೊಟ್ಟಿದ್ದನ್ನ ಹೇಗಪ್ಪಾ ತಗೊಳ್ಳೋದು” ಎಂದಳು. ಅಷ್ಟೇ ಹೇಳಿದ್ದು, ನಗಲಿಲ್ಲ.

ಆಗಸ್ಟಿನಲ್ಲಿ ಎರಡನೇ ತಂಡಕ್ಕೆ ತರಬೇತಿಯಿದೆ, ಇಪ್ಪತ್ತಾರು ಹೊಸಬರು. ನೀವು ಬರುವುದಿಲ್ಲವಂತೆ, ಬೇರೆಯವರನ್ನು ಹುಡುಕುತ್ತೇವೆ ಎಂದರು ಸೂಪರಿಂಟೆಂಡೆಂಟರು. ಅವರ ಮೇಜಿನ ಮುಂದೆ ನಿಂತು, ಅವರೇ ಬರಬೇಕು ಎಂದೆ. ದೂರದಲ್ಲಿ ಕೂತು ಬಿಟ್ಟುಕೊಟ್ಟೆ ಎಂದು ಬರೆಯುವುದು ಸುಲಭ ಮೇಡಂ. ನನ್ನನ್ನು ನಿಲ್ಲಿಸಿದ್ದು ನಲವತ್ತು ಜನರ ಮುಂದೆ. ಅಮ್ಮನನ್ನು ತೋರಿಸಿದ್ದು ಒಂದು ಗುಂಡಿ ಜನರ ಮುಂದೆ. ಬನ್ನಿ. ಮೊದಲ ದಿನ, ಮೊದಲ ಗಂಟೆ, ಇದನ್ನು ಹೇಳಿ, ಆಮೇಲೆ ಪಾಠ ಮಾಡಿ. ಅಮ್ಮ ಬಂದು ಕೂರುತ್ತಾಳೆ.

ನಾನು ಆ ಗಂಟೆ ಗೇಟಿನಲ್ಲಿರುತ್ತೇನೆ. ನನಗೆ ಅದನ್ನು ಕೇಳಲು ಆಗುವುದಿಲ್ಲ. ಒಳಗೆ ಏನಾಯಿತು ಎಂದು ನೀವು ಬರೆಯಿರಿ. ಅಮ್ಮ ಹೇಗೂ ಹೇಳುತ್ತಾಳೆ, ಆದರೆ ಬರೆದದ್ದು ಉಳಿಯುತ್ತದೆ.


ಆಗಸ್ಟ್ ೧೨

ನಿಮಗೆ,

ನೀವು ಹೇಳಿದಂತೆ ಬರೆಯುತ್ತಿದ್ದೇನೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಬೆಳಿಗ್ಗೆ ಎರಡನೇ ಗೇಟಿನಲ್ಲಿ ನೀವು ನನ್ನ ಚೀಟಿ ನೋಡಿ ಹರಿದು ಕೊಟ್ಟಿರಿ, ಎಲ್ಲರಿಗೂ ಕೊಡುವ ಹಾಗೆ. ಅದು ಸರಿಯೇ.

ತರಬೇತಿ ಕೋಣೆಯಲ್ಲಿ ಹಸಿರು ಕುರ್ಚಿಗಳನ್ನು ಐದು ಸಾಲು ಹಾಕಿದ್ದರು. ಫ್ಯಾನು ಜೋರಾಗಿ ಸದ್ದು ಮಾಡುತ್ತಿತ್ತು. ಹೊಸಬರ ಮಡಿಲಲ್ಲಿ ಹೊಸ ನೋಟ್‌ಬುಕ್ಕುಗಳು. ನಿಮ್ಮ ತಾಯಿ ಮೊದಲ ಸಾಲಿನ ತುದಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಮೀಸೆಯವರು. ಮೂವತ್ತಾರು ವರ್ಷದ ಮೇಲೂ ಗುರುತು ಸಿಕ್ಕಿತು. ನಾನು ಕೈ ಮುಗಿದೆ. ಅವರು ತಲೆಯಾಡಿಸಿದರು, ಶುರುಮಾಡು ಎನ್ನುವ ಹಾಗೆ.

ಬರೆದುಕೊಂಡು ತಂದ ಕಾಗದವನ್ನು ತೆಗೆಯಲಿಲ್ಲ. ನಿಂತು ಹೇಳಿದೆ. ಕ್ಯಾಮೆರಾ ಬರುವ ತನಕ ಕಾಯದೆ ಎಳೆದದ್ದನ್ನು ಹೇಳಿದೆ, ಅವರು ಬೇಡ ಎಂದದ್ದನ್ನು ಹೇಳಿದೆ, ಬುಟ್ಟಿಗೆ ಗುಡಿಸಿದ್ದನ್ನು ಹೇಳಿದೆ. ಪ್ರೊಫೆಸರರು ಬಂದ ಭಾಗಕ್ಕೆ ಬಂದಾಗ ದನಿ ಇಳಿಯಿತು. ಬೇಕೆಂದೇ ಇಳಿಸಿದೆನೋ, ತಾನಾಗಿ ಇಳಿಯಿತೋ ಎಂದು ಕೇಳಿದರೆ, ಇನ್ನು ‘ತಾನಾಗಿ’ ಎಂಬ ಪದ ನಾನು ಬಳಸುವುದಿಲ್ಲ. ನೆಲ ನೋಡುತ್ತಾ, ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗುವಷ್ಟು ಮೆಲ್ಲಗೆ ಹೇಳಿದೆ. ಅವರ ಕೈ ಜಾರಿರಲಿಲ್ಲ, ಜಾರಿತು ಎಂದು ಸುಳ್ಳು ಹೇಳಿದವಳು ನಾನು.

ಮೊದಲ ಸಾಲಿನಿಂದ ನಿಮ್ಮ ತಾಯಿ ಕತ್ತು ತಿರುಗಿಸಿ ಹಿಂದಿನ ಕುರ್ಚಿಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಜೋರಾಗಿ ಹೇಳಮ್ಮ” ಎಂದರು. “ಹಿಂದೆ ಕೂತವರಿಗೆ ಕೇಳಿಸಿಲ್ಲ.”

ಮೀಸೆಯವರು ಎದ್ದು ಹೋಗಿ ಫ್ಯಾನು ಆರಿಸಿದರು. ನಾನು ಇನ್ನೊಮ್ಮೆ ಹೇಳಿದೆ.